ಮಿಂಬ್ರೆಸ್ ಹೊಳೆಯ ಬೋಗುಣಿಗಳು

ಸಮುದ್ರಕ್ಕೆ ‘ಸರಿತ್ಪತಿ’ ಎಂಬುದೊಂದು ಹೆಸರು. ನದಿಗಳು ಎಲ್ಲಿಯೇ ಹುಟ್ಟಲಿ, ಎಷ್ಟೇ ಸುತ್ತಿ ಬರಲಿ, ಕೊನೆಗೆ ಆ ಒಬ್ಬ ಪತಿಯ ಮನೆಯನ್ನೇ ಸೇರತಕ್ಕವೆಂದು ಮೂವತ್ತು ವರ್ಷಗಳಿಗೂ ಮಿಕ್ಕು ಹುಡುಗರಿಗೆ ಅಮರವನ್ನು ಬಾಯಿಪಾಠ ಮಾಡಿಸುತ್ತ ಹೇಳಿಕೊಟ್ಟವನು ನಾನು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ವರ್ಷವೇ ಆ ಮಾತನ್ನು ತಿದ್ದಿಕೊಳ್ಳಬೇಕಾದ ಪ್ರಸಂಗವು ಒದಗಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನ್ಯೂ ಮೆಕ್ಸಿಕೋ ಎಂಬುದೊಂದು. ಅದರ ನೈರುತ್ಯ ಮೂಲೆಯಲ್ಲಿ ಮಿಂಬ್ರೆಸ್ ಎಂಬ ಚಿಕ್ಕ ಹೊಳೆಯು ಪೈನ್ ಮರಗಳ ಬೆಟ್ಟದಲ್ಲಿ ಹುಟ್ಟಿ, ದಕ್ಷಿಣಾಭಿಮುಖವಾಗಿ ಹರಿದು, ಡೆಮಿಂಗ್ ಎಂಬ ಊರಿನ ಸಮೀಪದ ಮರುಭೂಮಿಯಲ್ಲಿ ಇಂಗಿ ಮಾಯವಾಗುವುದು. ಅದಕ್ಕೆ ಪತಿಗೃಹವೇ ಇಲ್ಲ. ಹುಟ್ಟಿದ ಸೀಮೆಯಲ್ಲಿಯೇ ಹುಟ್ಟಿ, ಆ ಸೀಮೆಯ ಮಣ್ಣಿಗೇ ತನ್ನನ್ನು ಕೊಟ್ಟುಬಿಡುವ ಹೊಳೆ. ಸ್ಪೇನ್ ದೇಶದ ಭಾಷೆಯಲ್ಲಿ ‘ಮಿಂಬ್ರೆ’ ಎಂದರೆ ಬುಟ್ಟಿ ಹೆಣೆಯಲು ಬರುವ ಬಳಕುಕಡ್ಡಿಯ ವಿಲೋ ಗಿಡವಂತೆ. ದಂಡೆಯ ಗಿಡದಿಂದ ಹೊಳೆಗೆ ಹೆಸರು ಬಂದಿತು. ಹೊಳೆಯ ಹೆಸರು ಅದರ ದಂಡೆಯಲ್ಲಿ ಸಾವಿರ ವರ್ಷಗಳ ಹಿಂದೆ ಬಾಳಿದ ಒಂದು ಜನಕ್ಕೆ ಬಂದಿತು. ಆ ಜನರು ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಿದ್ದರೋ ಹೇಳುವವರಿಲ್ಲ. ಅವರಿಗೆ ಲಿಪಿ ಇರಲಿಲ್ಲ. ಇದ್ದದ್ದು ಮಣ್ಣಿನ ಬೋಗುಣಿಗಳು. ಈ ಲೇಖನವು ಆ ಬೋಗುಣಿಗಳನ್ನು ಕುರಿತದ್ದು.

ನನ್ನ ಮಗಳ ಸಂಸಾರವು ಪಕ್ಕದ ಅರಿಜೋನಾ ಸಂಸ್ಥಾನದ ಟೂಸಾನ್ ನಗರದಲ್ಲಿದೆ. ೨೦೨೨ನೆಯ ಅಕ್ಟೋಬರಿನಲ್ಲಿ, ನಮ್ಮ ಸೀಗಿ ಹುಣ್ಣಿಮೆಯ ಆಸುಪಾಸಿನಲ್ಲಿ, ಎರಡು ಮೂರು ದಿನದ ರಜವು ಒಟ್ಟಿಗೆ ಬಂದುದರಿಂದ ಅಳಿಯಂದಿರು ನಮ್ಮಿಬ್ಬರನ್ನೂ, ಒಂಬತ್ತು ವರ್ಷದ ಮೊಮ್ಮಗನನ್ನೂ ಕಾರಿನಲ್ಲಿ ಕೂರಿಸಿಕೊಂಡು ಪೂರ್ವ ದಿಕ್ಕಿಗೆ ಹೊರಟರು. ದಾರಿಯ ವರ್ಣನೆಯನ್ನು ಬೆಳೆಸಲಾರೆ. ದೈತ್ಯರು ಆಟವಾಡಿ ಬಿಟ್ಟುಹೋದ ಗಜ್ಜುಗಗಳಂತೆ ಒಂದರ ಮೇಲೊಂದು ನಿಂತ ಬಂಡೆಗಳ ಕಣಿವೆಯೊಂದು. ನೀರೇ ಇಲ್ಲದ, ಉಪ್ಪು ಬಿಳುಪಿನ ಕೆರೆಯ ಬಯಲೊಂದು. ಗಾಳಿಯೆದ್ದರೆ ಧೂಳಿನಲ್ಲಿ ಮುಂದಿನ ಬಂಡಿ ಕಾಣದು, ರಸ್ತೆಯನ್ನು ಬಿಟ್ಟು ದೂರ ನಿಲ್ಲಿಸಿರಿ ಎಂದು ಎಚ್ಚರಿಸುವ ಫಲಕಗಳು. ಲಾರ್ಡ್ಸ್‌ಬರ್ಗ್ ಎಂಬಲ್ಲಿ ಹೆದ್ದಾರಿಯನ್ನು ಬಿಟ್ಟು ಉತ್ತರಕ್ಕೆ ತಿರುಗಿದರೆ ನೆಲವು ಮೆಲ್ಲಮೆಲ್ಲನೆ ಏರುತ್ತ ಹೋಗುವುದು. ಮುಳ್ಳುಕಂಟಿಗಳು ಹಿಂದುಳಿದು ಓಕ್, ಜುನಿಪರ್ ಮರಗಳು ಎದುರಾಗುವುವು. ಸುಮಾರು ಆರು ಸಾವಿರ ಅಡಿಗಳ ಎತ್ತರದಲ್ಲಿ ಸಿಲ್ವರ್ ಸಿಟಿ ಎಂಬ ಊರು. ಹೆಸರು ಬೆಳ್ಳಿಯದಾದರೂ ಸುತ್ತಮುತ್ತಲಿನ ಬದುಕೆಲ್ಲ ತಾಮ್ರದ ಗಣಿಗಳದು. ಆ ಎತ್ತರದಲ್ಲಿ ನನ್ನ ಮನೆಯಾಕೆ ತಂದಿದ್ದ ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯಲಿಲ್ಲ. ನೀರು ಬೇಗ ಕುದಿಯುವುದಾದರೂ ಅದರ ಬಿಸಿ ಸಾಲದು ಎಂದು ನಾನು ವಿಜ್ಞಾನವನ್ನು ವಿವರಿಸಹೋದೆ; “ವಿವರಣೆಯನ್ನು ಅನ್ನಕ್ಕೆ ಕಲಸಿಕೊಳ್ಳಲಾಗುವುದಿಲ್ಲ” ಎಂದಳು. ಆ ರಾತ್ರಿ ಮೊಸರನ್ನವೇ ಗತಿಯಾಯಿತು.

ಮರುದಿನ ಬೆಳಿಗ್ಗೆ ಅಲ್ಲಿಯ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯಕ್ಕೆ ಹೋದೆವು. ಗಾಜಿನ ಬೀರುಗಳಲ್ಲಿ ಅರ್ಧಗೋಲಾಕಾರದ ಬೋಗುಣಿಗಳು ಸಾಲುಸಾಲಾಗಿ, ಒಳಮೈ ಕಾಣುವಂತೆ ಓರೆಯಾಗಿ ನಿಂತಿದ್ದುವು. ಒಂದೊಂದೂ ಗೇಣಿನಷ್ಟು ಅಗಲ, ಕೆಲವು ಹೆಚ್ಚು. ಹೊರಮೈ ಸಾದಾ; ಒಳಗೆ ಸುಣ್ಣದಂಥ ಬಿಳುಪು; ಆ ಬಿಳುಪಿನ ಮೇಲೆ ಕಪ್ಪು ಗೆರೆಗಳ ಚಿತ್ರ. ಹೆಚ್ಚಿನವುಗಳಲ್ಲಿ ಪ್ರಾಣಿಯೂ ಇಲ್ಲ, ಮನುಷ್ಯನೂ ಇಲ್ಲ. ಸುಳಿ, ಮೆಟ್ಟಿಲು, ಮಿಂಚು, ಗರಗಸದ ಹಲ್ಲು, ಒತ್ತೊತ್ತಾಗಿ ಎಳೆದ ಸಮಾಂತರ ರೇಖೆಗಳು. ಬಾಗಿದ ಮೈಯ ಮೇಲೆ, ಕೈವಾರವಾಗಲಿ ಅಳತೆಗೋಲಾಗಲಿ ಇಲ್ಲದೆ, ಒಂದಕ್ಕೊಂದು ತಗಲದಂತೆ ಕೂದಲೆಳೆಯ ಗೆರೆಗಳನ್ನು ಎಳೆಯುವುದೆಂದರೆ ಸಾಮಾನ್ಯವೇ? ಕರಿಹಲಗೆಯ ಮೇಲೆ ಒಂದು ನೇರ ಗೆರೆ ಎಳೆಯಲು ಆಯುಷ್ಯವಿಡೀ ತಿಣುಕಿದ ನನ್ನಂಥವನಿಗೆ ಅದರ ಬೆಲೆ ಗೊತ್ತು.

ಉಳಿದವುಗಳಲ್ಲಿ ಒಂದು ಜಗತ್ತೇ ಇದೆ. ಅಲ್ಲಿ ಕಂಡವನ್ನೂ ಅನಂತರ ಪುಸ್ತಕಗಳಲ್ಲಿ ಕಂಡವನ್ನೂ ಸೇರಿಸಿ ಹೇಳುತ್ತೇನೆ. ಕಿವಿ ಹಿಂದಕ್ಕೆ ಒರಗಿಸಿದ ಮೊಲ, ಕೊಂಬು ಸುರುಳಿಯಾದ ಬೆಟ್ಟದ ಟಗರು, ರೆಕ್ಕೆ ಬಿಡಿಸಿದ ಬಾವಲಿ, ಆಮೆ, ಮಿಡತೆ, ಕರಡಿ, ಉದ್ದ ಕತ್ತಿನ ಕೊಕ್ಕರೆ, ಬೆನ್ನಿನ ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು ಹೊರೆ ಹೊತ್ತವನು, ಬೇಟೆಗಾರ, ಹೆರುತ್ತಿರುವ ತಾಯಿ, ಅರ್ಧ ಮನುಷ್ಯ ಅರ್ಧ ಮೀನು. ಪಂಚರಂಗಿ ಗಿಳಿಗಳೂ ಇವೆ. ಈ ಗಿಳಿಗಳು ಆ ಶೀತಪ್ರದೇಶದವಲ್ಲ, ದಕ್ಷಿಣದಲ್ಲಿ ನೂರಾರು ಮೈಲಿಗಳ ಆಚೆ ಮೆಕ್ಸಿಕೋದ ಬಿಸಿಲುಕಾಡಿನವು. ಅವುಗಳ ಎಲುಬುಗಳು ಈ ಹಳ್ಳಿಗಳ ನೆಲದಲ್ಲಿ ದೊರೆತಿರುವುದರಿಂದ ಯಾರೋ ಅವುಗಳನ್ನು ಜೀವಸಹಿತ ಹೊತ್ತು ತಂದು ಸಾಕುತ್ತಿದ್ದರೆಂಬುದು ನಿಶ್ಚಯ. ಮೀನುಗಳ ವಿಷಯವು ಇನ್ನೂ ಸೋಜಿಗದ್ದು. ೧೯೮೬ರಲ್ಲಿ ಇಬ್ಬರು ವಿದ್ವಾಂಸರು ಬೋಗುಣಿಗಳ ಮೇಲಿನ ಮೀನುಗಳನ್ನು ಪರಿಶೀಲಿಸಿ, ಅವುಗಳಲ್ಲಿ ಅನೇಕವು ಕ್ಯಾಲಿಫೋರ್ನಿಯಾ ಕೊಲ್ಲಿಯ ಕಡಲಮೀನುಗಳೆಂದು ಪ್ರಕಟಿಸಿದರು. ಆ ಕಡಲು ಅಲ್ಲಿಗೆ ಮುನ್ನೂರು ಮೈಲಿಗಳಿಗೂ ದೂರ. ಅಂದರೆ ಹೊಳೆಯು ಸಮುದ್ರವನ್ನು ಸೇರದಿದ್ದರೂ ಹೊಳೆಯ ಜನರು ಸೇರಿಬಂದಿದ್ದರು! ನಡೆದೇ ಹೋಗಿರಬೇಕು, ಸವಾರಿಯ ಪ್ರಾಣಿಯೊಂದೂ ಆ ಕಾಲದಲ್ಲಿ ಆ ಖಂಡದ ಆ ಭಾಗದಲ್ಲಿರಲಿಲ್ಲ.

ನಾನು ಚಿತ್ರಗಳನ್ನು ನೋಡುತ್ತ ಮುಂದೆ ಮುಂದೆ ಹೋಗುತ್ತಿರಲು, ಮನೆಯಾಕೆಯು ಒಂದು ಬೋಗುಣಿಯ ಮುಂದೆಯೇ ನಿಂತುಬಿಟ್ಟಿದ್ದಳು. “ಇಲ್ಲಿ ನೋಡಿರಿ, ಇದರ ತಳ ಸವೆದಿದೆ. ಸೌಟೋ ಕೈಯೋ ತಿರುಗಿದ ಗುರುತು. ಇದು ದೇವರ ಮುಂದೆ ಇಟ್ಟ ಪಾತ್ರೆಯಲ್ಲ, ದಿನವೂ ಬಡಿಸಿ ತೊಳೆದ ಪಾತ್ರೆ” ಎಂದಳು. ಅಲ್ಲಿಯವರೆಗೆ ನಾನು ಅವುಗಳನ್ನು ಚಿತ್ರಪಟಗಳೆಂದೇ ನೋಡುತ್ತಿದ್ದೆನು. ಬಳಿಕ ಓದಿ ನೋಡಿದರೆ ವಿದ್ವಾಂಸರೂ ಸವೆತ ಗೀರುಗಳನ್ನು ಪರೀಕ್ಷಿಸಿ ಅದನ್ನೇ ಹೇಳಿದ್ದಾರೆ: ಬೋಗುಣಿಗಳಲ್ಲಿ ಬಹಳಷ್ಟು ಮೊದಲು ಮನೆಯಲ್ಲಿ ಬಳಕೆಯಾಗಿ ಅನಂತರ ಸತ್ತವರ ಸಂಗಡ ಹೋದವುಗಳು. ಅವರಿಗೆ ಪರೀಕ್ಷೆಗೆ ಎಷ್ಟು ಕಾಲ ಹಿಡಿಯಿತೋ, ಈಕೆಗೆ ಒಂದು ನಿಮಿಷ ಸಾಕಾಯಿತು.

ಮಾಡುವ ಕ್ರಮವು ಹೀಗೆ. ಕುಂಬಾರನ ತಿಗರಿ ಎಂಬುದು ಆ ಖಂಡದಲ್ಲಿಯೇ ಇರಲಿಲ್ಲ. ಜೇಡಿಮಣ್ಣಿಗೆ ನುರಿಸಿದ ಕಲ್ಲುಮರಳನ್ನು ಬೆರೆಸಿ, ಹದವಾಗಿ ಕಲಸಿ, ಹಾವಿನಂತೆ ಉದ್ದಕ್ಕೆ ಹೊಸೆದು, ನಮ್ಮಲ್ಲಿ ಹೆಂಗಸರು ಸಿಂಬೆ ಸುತ್ತುವಂತೆ ಸುತ್ತಿನ ಮೇಲೆ ಸುತ್ತು ಏರಿಸುವರು. ಒಳಗೂ ಹೊರಗೂ ಕೆರೆದು ತೆಳ್ಳಗೆ ಮಾಡಿ, ಬಿಳಿಜೇಡಿಯ ತಿಳಿಯನ್ನು ಬಳಿದು, ನುಣ್ಣನೆಯ ಕಲ್ಲಿನಿಂದ ತೀಡುವರು. ಯೂಕಾ ಎಂಬ, ನಮ್ಮ ಕತ್ತಾಳೆಯನ್ನು ಹೋಲುವ ಗಿಡದ ಎಲೆಯ ತುದಿಯನ್ನು ಅಗಿದು ನಾರು ಮಾಡಿದರೆ ಅದೇ ಕುಂಚ. ಬಣ್ಣವು ಕಬ್ಬಿಣದ ಅಂಶವುಳ್ಳ ಕಲ್ಲಿನ ಪುಡಿ. ಸುಡುವಾಗ ಗಾಳಿಯಾಡದಂತೆ ಮುಚ್ಚಿದರೆ ಗೆರೆಯು ಕಪ್ಪಾಗುವುದು. ಎಲ್ಲಿಯಾದರೂ ಗಾಳಿ ನುಸುಳಿತೋ, ಅಲ್ಲಿ ಕೆಂಪು ಅಥವಾ ಕಂದು. ಒಂದೇ ಬೋಗುಣಿಯ ಮೊಲವು ತಲೆಯ ಕಡೆ ಕಪ್ಪು, ಬಾಲದ ಕಡೆ ಕೆಂಪು ಇರುವುದನ್ನು ಕಂಡೆ. ಬೆಂಕಿಯ ಆ ಚೇಷ್ಟೆಗೆ ಮಾಡಿದಾಕೆಯು ಎಷ್ಟು ಹಲುಬಿದಳೋ! ಮಾಡಿದಾಕೆ ಎಂದೆನು. ಹೆಂಗಸರೇ ಮಾಡುತ್ತಿದ್ದರೆಂಬುದು ಹಲವರ ಅಭಿಪ್ರಾಯ. ನ್ಯಾನ್ ರ‍್ಯಾಂಚ್ ಎಂಬ ನೆಲೆಯಲ್ಲಿ ಅಗೆದ ಹ್ಯಾರಿ ಶೇಫರ್ ಎಂಬ ಪ್ರಾಧ್ಯಾಪಕರು ಮಡಕೆ ಮಾಡುವ ಸಾಮಗ್ರಿಗಳೊಡನೆ ಹೂಳಲ್ಪಟ್ಟ ಒಬ್ಬ ಹೆಂಗಸಿನ ಸಮಾಧಿಯನ್ನು ಕಂಡು ೧೯೮೫ರಲ್ಲಿ ಬರೆದಿದ್ದಾರೆ. ಮೊರ, ಮಡಕೆ, ಕುಂಚ ಯಾವುದೂ ಕೈಯಿಂದ ಕೈಗೆ ಹೋಗುವುದೇ ಹೊರತು ಹೆಸರನ್ನು ಬಿಟ್ಟುಹೋಗುವುದಿಲ್ಲ.

ಈ ಜನರ ಮನೆಗಳು ಮೊದಮೊದಲು ನೆಲದಲ್ಲಿ ತೋಡಿದ ಗುಣಿಗಳಾಗಿದ್ದುವು. ಅರ್ಧ ನೆಲದೊಳಗೆ, ಅರ್ಧ ಹೊರಗೆ. ಕ್ರಿ. ಶ. ೧೦೦೦ದ ಸುಮಾರಿಗೆ ಹೊಳೆಯ ಗುಂಡುಕಲ್ಲುಗಳನ್ನು ಕೆಸರಿನಲ್ಲಿ ಕೂರಿಸಿ ನೆಲದ ಮೇಲೆ ಗೋಡೆ ಎಬ್ಬಿಸತೊಡಗಿದರು. ಕೋಣೆಗೆ ಕೋಣೆ ಅಂಟಿ ದೊಡ್ಡ ಹಳ್ಳಿಗಳಲ್ಲಿ ನೂರಕ್ಕೂ ಮಿಕ್ಕ ಕೋಣೆಗಳು. ಎಷ್ಟೋ ಕೋಣೆಗಳಿಗೆ ಬಾಗಿಲು ಗೋಡೆಯಲ್ಲಿಲ್ಲ. ಮಾಳಿಗೆಯ ಗವಾಕ್ಷಿಯಿಂದ ಏಣಿಯಲ್ಲಿ ಇಳಿಯಬೇಕು. ಹೊಲದಲ್ಲಿ ಮೆಕ್ಕೆಜೋಳ, ಹುರುಳಿಕಾಯಿಯ ಜಾತಿಯ ಕಾಳು, ಕುಂಬಳ. ಉತ್ತಮವಾದ ಚಿತ್ರದ ಬೋಗುಣಿಗಳೆಲ್ಲ ಕ್ರಿ. ಶ. ೧೦೦೦ದಿಂದ ೧೧೩೦ರವರೆಗಿನ ಕಾಲದವು. ಇತ್ತ ನಮ್ಮಲ್ಲಿ ಕಲ್ಯಾಣದ ಚಾಲುಕ್ಯರು ಆಳುತ್ತಿದ್ದ ಕಾಲವೆಂದರೆ ವಾಚಕರಿಗೆ ಅಂದಾಜು ಸಿಕ್ಕೀತು.

ಮನೆಯಲ್ಲಿ ಯಾರಾದರೂ ತೀರಿಹೋದರೆ ಊರ ಹೊರಗೆ ಒಯ್ಯುತ್ತಿರಲಿಲ್ಲ. ತಾವು ಉಣ್ಣುವ, ಮಲಗುವ ಕೋಣೆಯ ನೆಲವನ್ನೇ ತೋಡಿ, ಮೊಣಕಾಲು ಮಡಿಸಿ ಕೂರಿಸಿಯೋ ಮಲಗಿಸಿಯೋ ಹೂಳಿ, ನೆಲವನ್ನು ಮತ್ತೆ ಸಾರಿಸಿ, ಅದರ ಮೇಲೆಯೇ ಸಂಸಾರ ಮಾಡುತ್ತಿದ್ದರು. ಹೂಳುವ ಮುನ್ನ ಒಂದು ಬೋಗುಣಿಯನ್ನು ಮುಖದ ಮೇಲೆ ಕವುಚಿ ಹಾಕುವರು. ಹಾಕುವುದಕ್ಕೆ ಮೊದಲು ಅದರ ತಳದ ನಡುವೆ ಒಂದು ರಂಧ್ರವನ್ನು ಕುಟ್ಟುವರು. ಅತ್ಯುತ್ತಮವಾದ ಚಿತ್ರಗಳಲ್ಲಿಯೂ ಮೊಲದ ಹೊಟ್ಟೆಯಲ್ಲೋ, ಟಗರಿನ ಬೆನ್ನಿನಲ್ಲೋ ಈ ತೂತು ಕಾಣುವುದು. ಪಾತ್ರೆಯ ಜೀವವನ್ನು ಬಿಡಿಸಿ ಒಡೆಯನೊಡನೆ ಕಳುಹಿಸಲೆಂದು ಕೆಲವರು. ಕವುಚಿದ ಬೋಗುಣಿಯೇ ಆಕಾಶ, ರಂಧ್ರವು ಆತ್ಮವು ಹೊರಡುವ ದಾರಿ ಎಂದು ಕೆಲವರು. ಮೊಮ್ಮಗನು, “ತಾತ, ಇಷ್ಟು ಚೆನ್ನಾಗಿ ಬರೆದು ಒಡೆದದ್ದೇಕೆ?” ಎಂದು ಕೇಳಿದನು. ನನಗೆ ಉತ್ತರವು ಕೂಡಲೇ ಬಾಯಿಗೆ ಬರಲಿಲ್ಲ. ನನ್ನ ತಂದೆಯವರು ತೀರಿಕೊಂಡಾಗ ನೀರು ತುಂಬಿದ ಮಡಕೆಯನ್ನು ಹೆಗಲ ಮೇಲೆ ಹೊತ್ತು ಚಿತೆಯನ್ನು ಸುತ್ತಿದವನು ನಾನೇ. ಒಂದೊಂದು ಸುತ್ತಿಗೂ ಹಿಂದಿನಿಂದ ಯಾರೋ ಕಲ್ಲಿನಿಂದ ಮಡಕೆಗೆ ತೂತು ಮಾಡುವರು. ತಣ್ಣನೆಯ ನೀರು ಬೆನ್ನ ಮೇಲೆ ಇಳಿಯುವುದು. ಕೊನೆಗೆ ಹಿಂದಿರುಗಿ ನೋಡದೆ ಮಡಕೆಯನ್ನು ಹಿಂದಕ್ಕೆ ಬಿಡಬೇಕು. ಅದು ಒಡೆದ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಅವರ ಆಚಾರಕ್ಕೂ ನಮ್ಮದಕ್ಕೂ ಸಂಬಂಧವನ್ನು ಕಲ್ಪಿಸುವಷ್ಟು ಅವಿವೇಕಿ ನಾನಲ್ಲ. ಆದರೂ ಆ ಗಾಜಿನ ಮುಂದೆ ನಿಂತು ತೂತಿನ ಅಂಚನ್ನು ನೋಡಿದಾಗ, ಕುಟ್ಟಿದ ಕೈಯು ಮಗನದೋ ಮಗಳದೋ ಆಗಿರಬೇಕೆಂದು ತೋರಿ, ನೋಡುವುದು ಸರಿಯೇ ಎಂಬ ಸಂಕೋಚವು ಬಂದಿತು.

ಈ ಬೋಗುಣಿಗಳು ಹೊರಜಗತ್ತಿಗೆ ತಿಳಿದು ಬಹಳ ಕಾಲವಾಗಿಲ್ಲ. ಡೆಮಿಂಗ್ ಊರಿನ ಓಸ್ಬರ್ನ್ ಎಂಬವರು ತಾವು ಕೂಡಿಸಿದ್ದವುಗಳ ಛಾಯಾಚಿತ್ರಗಳನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳುಹಿಸಿದರು. ಅಲ್ಲಿಯ ಫ್ಯೂಕ್ಸ್ ಎಂಬ ಪಂಡಿತರು ಬಂದು ನೋಡಿ ೧೯೧೪ರಲ್ಲಿ ಪ್ರಕಟಿಸಿದರು. ಅನಂತರ ಬಂದವರಲ್ಲಿ ನನಗೆ ಮೆಚ್ಚಿಕೆಯಾದವರು ಕಾಸ್ಗ್ರೋವ್ ದಂಪತಿಗಳು. ಸಿಲ್ವರ್ ಸಿಟಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದವರು. ಯಾವ ವಿಶ್ವವಿದ್ಯಾಲಯದ ಪದವೀಧರರೂ ಆಗಿ ಬಂದವರಲ್ಲ. ತಮ್ಮ ಆಸಕ್ತಿಯಿಂದಲೇ ಕಲಿತು, ಹಾರ್ವರ್ಡಿನ ಪೀಬಾಡಿ ಸಂಗ್ರಹಾಲಯದ ಪರವಾಗಿ ೧೯೨೪ರಿಂದ ೧೯೨೭ರವರೆಗೆ ಸ್ವಾರ್ಟ್ಸ್ ಎಂಬ ಹಾಳೂರನ್ನು ಅಗೆದರು. ಯಾವ ಕೋಣೆ, ನೆಲದಿಂದ ಎಷ್ಟು ಆಳ, ಯಾರ ಸಂಗಡ ಯಾವ ಬೋಗುಣಿ ಎಂಬುದನ್ನು ಗುರುತು ಹಾಕಿಕೊಂಡರು. ಶ್ರೀಮತಿ ಹ್ಯಾರಿಯೆಟ್ ಕಾಸ್ಗ್ರೋವರು ನೂರಾರು ಬೋಗುಣಿಗಳ ಚಿತ್ರಗಳನ್ನು ಒಂದೊಂದಾಗಿ ಮಸಿಯಲ್ಲಿ ತಮ್ಮ ಕೈಯಾರ ಬರೆದರು. ೧೯೩೨ರಲ್ಲಿ ಪುಸ್ತಕವಾಯಿತು. ಸಾವಿರ ವರ್ಷದ ಹಿಂದಿನ ಒಬ್ಬಾಕೆಯ ಗೆರೆಯನ್ನು ಈ ಕಾಲದ ಒಬ್ಬಾಕೆಯ ಲೇಖನಿಯು ಹಿಂಬಾಲಿಸಿತೆನ್ನಬಹುದು.

ಅದೇ ದಶಕದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಶಿಕಾಗೋ ನಗರಕ್ಕೂ ಲಾಸ್ ಏಂಜಲಿಸಿಗೂ ನಡುವೆ ಓಡುತ್ತಿದ್ದ ‘ಸೂಪರ್ ಚೀಫ್’ ಎಂಬ ಭಾರಿ ರೈಲುಗಾಡಿಯ ಊಟದ ಡಬ್ಬಿಗೆಂದು ಮೇರಿ ಕೋಲ್ಟರ್ ಎಂಬ ಶಿಲ್ಪಜ್ಞೆಯು ಈ ಚಿತ್ರಗಳನ್ನು ಪಿಂಗಾಣಿ ತಟ್ಟೆ ಬಟ್ಟಲುಗಳ ಮೇಲೆ ಅಚ್ಚು ಹಾಕಿಸಿದಳು. ಸತ್ತವರ ಮುಖ ಮುಚ್ಚಿದ್ದ ಮೊಲ, ಮೀನುಗಳ ಮೇಲೆ ಸಿರಿವಂತ ಪ್ರಯಾಣಿಕರು ಬೆಣ್ಣೆ ರೊಟ್ಟಿ ತಿಂದರು. ನನಗೆ ಇದು ಅಪಚಾರವೆಂದು ತೋರಿತು; ಮನೆಯಾಕೆಗೆ ಹಾಗೆ ತೋರಲಿಲ್ಲ. ಊಟದ ಪಾತ್ರೆಯ ಚಿತ್ರವು ಊಟದ ಪಾತ್ರೆಗೇ ಹಿಂದಿರುಗಿತಲ್ಲ ಎಂದಳು. ನಕಲಿನಿಂದ ಯಾರ ಗೋರಿಯೂ ತೆರೆಯಲಿಲ್ಲವೆಂಬುದನ್ನು ಒಪ್ಪಬೇಕು.

ಗೋರಿ ತೆರೆದವರು ಬೇರೆ. ಆ ದೇಶದ ಕಾನೂನಿನಲ್ಲಿ ಖಾಸಗಿ ಭೂಮಿಯ ಅಡಿಯಲ್ಲಿರುವುದೆಲ್ಲ ಭೂಮಾಲೀಕನದು. ಮಿಂಬ್ರೆಸ್ ಕಣಿವೆಯ ಹಾಳೂರುಗಳಲ್ಲಿ ಹೆಚ್ಚಿನವು ಖಾಸಗಿ ಹೊಲಗಳಲ್ಲಿಯೇ ಇದ್ದುವು. ಚಿತ್ರದ ಬೋಗುಣಿಗಳಿಗೆ ಸಾವಿರಗಟ್ಟಲೆ ಡಾಲರು ಬೆಲೆ ಬಂದಾಗ ಸಲಿಕೆ ಸಾಲದಾಯಿತು. ಬುಲ್‌ಡೋಜರ್ ಯಂತ್ರಗಳು ಬಂದುವು. ನೂರು ವರ್ಷಗಳ ಹಿಂದಿನಿಂದಲೂ ಹೆಸರಾಗಿದ್ದ ಗಲಾಜ್ ಎಂಬ ದೊಡ್ಡ ಹಾಳೂರನ್ನು ೧೯೭೫-೭೬ರಲ್ಲಿ ಯಂತ್ರಗಳಿಂದ ನೆಲಸಮ ಮಾಡಿದರು. ಗೋಡೆ, ಒಲೆ, ಎಲುಬು, ಬೋಗುಣಿ ಎಲ್ಲವೂ ಒಂದೇ ಮಣ್ಣಿನ ರಾಶಿ. ಅದರಲ್ಲಿ ಒಡೆಯದೆ ಉಳಿದದ್ದನ್ನು ಆರಿಸಿಕೊಂಡು ಮಾರಿದರು. ಸ್ಟೀವನ್ ಲೆಬ್ಲಾಂಕ್ ಎಂಬ ಪುರಾತತ್ತ್ವಜ್ಞರು ೧೯೭೪ರಲ್ಲಿ ಕಟ್ಟಿಕೊಂಡಿದ್ದ ಒಂದು ಸಣ್ಣ ಸಂಸ್ಥೆಯವರು ಯಂತ್ರದ ಬಾಯಿಂದ ಉಳಿಸಬಹುದಾದಷ್ಟನ್ನು ಉಳಿಸಿ, ಆ ಊರಿನ ವೃತ್ತಾಂತವನ್ನು ೧೯೮೪ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಗುರುತಿಲ್ಲದ ಸಮಾಧಿಗಳನ್ನು ಹೀಗೆ ಕೆದಕಬಾರದೆಂಬ ಕಾನೂನು ನ್ಯೂ ಮೆಕ್ಸಿಕೋದಲ್ಲಿ ೧೯೮೯ರಲ್ಲಿ ಬಂದಿತು. ಮೂಲನಿವಾಸಿಗಳ ಅಸ್ಥಿಗಳನ್ನೂ ಸಮಾಧಿಯ ವಸ್ತುಗಳನ್ನೂ ಅವರ ಸಂತತಿಯವರಿಗೆ ಹಿಂದಿರುಗಿಸಬೇಕೆಂಬ ಕಾನೂನು ಇಡೀ ದೇಶಕ್ಕೆ ೧೯೯೦ರಲ್ಲಿ ಬಂದಿತು. ಗಲಾಜ್ ಮಾತ್ರ ಆ ವೇಳೆಗೆ ಬಯಲಾಗಿತ್ತು.

ಇದನ್ನು ಓದುತ್ತ ನಾನು ಪರರನ್ನು ನಿಂದಿಸುವ ಸ್ಥಿತಿಯಲ್ಲಿರಲಿಲ್ಲ. ಮೇಷ್ಟರಾದ ಹೊಸತರಲ್ಲಿ ನಾನಿದ್ದ ಹಳ್ಳಿಯ ಹೊರಗೆ ಒಂದು ಹಾಳುದಿಬ್ಬವಿತ್ತು. ರೈತರು ಹೊಲಕ್ಕೆ ಮಣ್ಣು ಹೊಡೆಯುತ್ತಿದ್ದರು. ಒಂದು ದಿನ ಹುಡುಗರು ಅಲ್ಲಿಂದ ಒಂದು ಪುಟ್ಟ ಮಡಕೆಯನ್ನು ಹೊತ್ತು ತಂದರು. ಒಳಗೆಲ್ಲ ಕಪ್ಪು, ಹೊರಗೆ ಬಾಯ ಹತ್ತಿರ ಕಪ್ಪು, ಕೆಳಗೆ ಕೆಂಪು, ಗಾಜಿನಂಥ ನುಣುಪು. ಅದರ ಸಂಗಡ ಏನಿತ್ತೆಂದು ನಾನು ಕೇಳಲಿಲ್ಲ. ಎಲ್ಲಿ ಸಿಕ್ಕಿತೆಂದು ಹೋಗಿ ನೋಡಲಿಲ್ಲ. ಹುಡುಗರ ಬೆನ್ನು ತಟ್ಟಿ, ಅದನ್ನು ಬೀರುವಿನ ಮೇಲಿಟ್ಟು, ಅದರಲ್ಲಿ ಸೀಮೆಸುಣ್ಣದ ತುಂಡುಗಳನ್ನು ಹಾಕಿಡುತ್ತಿದ್ದೆನು. ಎರಡು ವರ್ಷದ ಮೇಲೆ ಶಾಸನಗಳನ್ನು ಹುಡುಕುತ್ತ ಬಂದಿದ್ದ ವಿದ್ವಾಂಸರೊಬ್ಬರು ಅದನ್ನು ಕಂಡು ಎರಡು ಕೈಗಳಲ್ಲಿ ಎತ್ತಿಕೊಂಡು, “ಇದು ಎಲ್ಲಿಯದು, ಪಕ್ಕದಲ್ಲಿ ಏನಿತ್ತು?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮಡಕೆ ತಂದ ಹುಡುಗರು ಶಾಲೆ ಬಿಟ್ಟಿದ್ದರು, ದಿಬ್ಬವು ಹೊಲವಾಗಿತ್ತು. ಅವರು ಏನೂ ಅನ್ನದೆ ಅದನ್ನು ಬೀರುವಿನ ಮೇಲೆಯೇ ಇಟ್ಟು ಹೋದರು. ಮರು ಬೇಸಗೆಯಲ್ಲಿ ಸುಣ್ಣ ಬಳಿಯುವ ಗಲಾಟೆಯಲ್ಲಿ ಅದು ಒಡೆಯಿತು. ಒಡೆದುದಕ್ಕಿಂತ, ಆ ಪ್ರಶ್ನೆಗೆ ಮೌನವಾಗಿ ನಿಂತುದೇ ನನ್ನನ್ನು ಹೆಚ್ಚು ಬಾಧಿಸುತ್ತದೆ.

ಮಧ್ಯಾಹ್ನದ ಮೇಲೆ ಕಣಿವೆಗೆ ಇಳಿದೆವು. ಮಿಂಬ್ರೆಸ್ ಎಂಬ ಹೆಸರಿನ ಹಳ್ಳಿಯೂ ಹೊಳೆಯ ದಂಡೆಯಲ್ಲಿದೆ. ಚದುರಿದ ಮನೆಗಳು, ಕುದುರೆಗಳು, ಸೇಬಿನ ತೋಟಗಳು. ಹೊಳೆಯನ್ನು ಗುರುತಿಸುವುದು ನೀರಿನಿಂದಲ್ಲ, ಎರಡೂ ದಂಡೆಗಳಲ್ಲಿ ಸಾಲಾಗಿ ನಿಂತ ಕಾಟನ್‌ವುಡ್ ಮರಗಳಿಂದ. ಆಗ ಅವುಗಳ ಎಲೆಗಳು ಅರಿಸಿನಬಣ್ಣಕ್ಕೆ ತಿರುಗುತ್ತಿದ್ದುವು. ನೀರು ಮೊಣಕಾಲೂ ಮುಳುಗದಷ್ಟು. ಇದನ್ನು ನಂಬಿ ಇಷ್ಟು ಊರುಗಳು ಬಾಳಿದುವೇ ಎಂದು ಆಶ್ಚರ್ಯವಾಯಿತು. ಬಾಳಿದ್ದೂ ನಿಜ, ಬಿಟ್ಟುಹೋದದ್ದೂ ನಿಜ. ಮರಗಳ ಬಳೆಗಳನ್ನು ಎಣಿಸಿ ಹಿಂದಿನ ಮಳೆಗಾಲಗಳನ್ನು ತಿಳಿಯುವ ಒಂದು ಶಾಸ್ತ್ರವುಂಟು. ಅದರ ಪ್ರಕಾರ ೧೧೩೦ರ ಬಳಿಕ ಕಠಿನವಾದ ಬರಗಾಲವು ಬಂದಿತು. ಜನ ಹೆಚ್ಚಿದಂತೆ ದಂಡೆಯ ಮರಗಳನ್ನು ಕಡಿದು ಹೊಲ ಮಾಡಿದ್ದರೆಂಬುದನ್ನು ಒಲೆಗಳ ಇದ್ದಲಿನಿಂದ ಕಂಡುಹಿಡಿದಿದ್ದಾರೆ. ಊರುಗಳು ಬರಿದಾದುವು, ಮುಖ್ಯವಾಗಿ, ಬೋಗುಣಿಗಳ ಮೇಲೆ ಚಿತ್ರ ಬರೆಯುವುದೇ ನಿಂತುಹೋಯಿತು. ಜನ ನಾಶವಾಗಲಿಲ್ಲ. ಕೆಲವರು ಸಮೀಪದಲ್ಲಿಯೇ ಸಣ್ಣ ಸಣ್ಣ ಕೇರಿಗಳಾಗಿ ಉಳಿದರು, ಕೆಲವರು ದೂರ ಹೋದರು. ಇಂದಿನ ಹೋಪಿ, ಝೂನಿ, ಆಕೋಮಾ ಮೊದಲಾದ ಮೂಲನಿವಾಸಿಗಳು ಅವರನ್ನು ತಮ್ಮ ಹಿರಿಯರೆನ್ನುತ್ತಾರೆ. ಆಕೋಮಾದ ಲೂಸಿ ಲೂಯಿಸ್ ಎಂಬ ಹೆಸರಾಂತ ಕುಂಬಾರತಿಯು ಕಳೆದ ಶತಮಾನದಲ್ಲಿ ಈ ಹಳೆಯ ಗೆರೆಗಳನ್ನು ತನ್ನ ಮಡಕೆಗಳ ಮೇಲೆ ಮತ್ತೆ ಎಳೆದಳು.

ಹಳ್ಳಿಯಲ್ಲಿ ಮ್ಯಾಟಕ್ಸ್ ಎಂಬ ಹಾಳೂರು ಒಂದನ್ನು ಕಾಪಾಡಿಟ್ಟಿದ್ದಾರೆ. ೧೯೨೯-೩೦ರಲ್ಲಿಯೂ ಆಮೇಲೆ ೧೯೭೦ರ ದಶಕದಲ್ಲಿಯೂ ಅಗೆದ ಸ್ಥಳ. ನೋಡಲು ಏನಿದೆ ಎಂದರೆ, ಬಹುಮಟ್ಟಿಗೆ ಏನೂ ಇಲ್ಲ. ಹುಲ್ಲು, ಮುಳ್ಳು, ಅಲ್ಲಲ್ಲಿ ಉಬ್ಬು ತಗ್ಗು, ಹೊಳೆಯ ಗುಂಡುಕಲ್ಲುಗಳ ಸಾಲು. ಅರಮನೆ ಗೋಪುರಗಳನ್ನು ಬಯಸುವವರು ಅಲ್ಲಿಗೆ ಹೋಗಬಾರದು. ಸ್ವಯಂಸೇವೆಗೆ ನಿಂತಿದ್ದ ವೃದ್ಧೆಯೊಬ್ಬರು ನಮ್ಮನ್ನು ಕಾಲುದಾರಿಯಲ್ಲಿ ಕರೆದೊಯ್ದರು. ನಡುವೆ ಮೊಮ್ಮಗನು ಬಗ್ಗಿ ಏನನ್ನೋ ಹೆಕ್ಕಿದನು. ಹೆಬ್ಬೆರಳುಗುರಿನಷ್ಟು ಒಡಕು ಬೋಕಿ. ಬಿಳುಪಿನ ಮೇಲೆ ಮೂರು ಕಪ್ಪು ಗೆರೆ. ಅವನ ಮುಖವು ಅರಳಿತು. ವೃದ್ಧೆಯು ಗದರಲಿಲ್ಲ. “ಚೆನ್ನಾಗಿ ನೋಡು. ನೋಡಿ ಆದ ಮೇಲೆ ಎಲ್ಲಿತ್ತೋ ಅಲ್ಲಿಯೇ ಇಡು” ಎಂದರು. ಹುಡುಗನು ಹಿಂದಿರುಗಿ ನೋಡುವಷ್ಟರಲ್ಲಿ ನಾಲ್ಕು ಹೆಜ್ಜೆ ಮುಂದೆ ಬಂದಿದ್ದೆವು, ಜಾಗವು ಮರೆತಿತ್ತು. ಎಲ್ಲಿಯಾದರೂ ಇಟ್ಟುಬಿಡು ಎಂದು ಅಳಿಯಂದಿರು ಹೇಳಿದರು. ನಾನು ಹೇಳಗೊಡಲಿಲ್ಲ. ನಾನೂ ಅವನೂ ಮೊಣಕಾಲೂರಿ ಧೂಳಿನಲ್ಲಿ ಹುಡುಕಿದೆವು. ಕಾಲು ಗಂಟೆಯಾಗಿರಬೇಕು, ಎರಡು ಕಲ್ಲುಗಳ ನಡುವೆ ಆ ಬೋಕಿಯ ಆಕಾರದ್ದೇ ಪುಟ್ಟ ಕುಳಿಯು ಒತ್ತು ಬಿದ್ದಿದ್ದುದನ್ನು ಅವನೇ ಕಂಡನು. ಇಟ್ಟರೆ ಮುಚ್ಚಳದಂತೆ ಕೂತಿತು. ಮೊಣಕಾಲು ನೋವಿನಿಂದ ನನ್ನನ್ನು ಇಬ್ಬರು ಹಿಡಿದೆಬ್ಬಿಸಬೇಕಾಯಿತು.

ಒಂದು ಎಚ್ಚರಿಕೆಯ ಮಾತು. ನಾವು ಹೋಗಿ ಬಂದ ಮೇಲೆ, ೨೦೨೪ರ ಜನವರಿಯಿಂದ, ಸಮಾಧಿಯ ವಸ್ತುಗಳನ್ನು ಪ್ರದರ್ಶಿಸುವ ಮುನ್ನ ಸಂತತಿಯವರ ಅನುಮತಿಯನ್ನು ಪಡೆಯಬೇಕೆಂಬ ಹೊಸ ನಿಯಮವು ಜಾರಿಗೆ ಬಂದಿದೆ. ಆ ದೇಶದ ಅನೇಕ ಸಂಗ್ರಹಾಲಯಗಳು ತಮ್ಮ ಬೀರುಗಳನ್ನು ಮುಚ್ಚಿದುವು. ಆದುದರಿಂದ ಬೋಗುಣಿಗಳನ್ನೇ ನೋಡಲೆಂದು ಹೋಗುವವರು ಮೊದಲು ವಿಚಾರಿಸಿಕೊಂಡು ಹೋಗುವುದು ಲೇಸು. ಮುಚ್ಚಿದ್ದರೆ ಬೇಸರಿಸಬೇಕಾಗಿಲ್ಲ.

ಸಂಜೆ ಹೊಳೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಪೂರ್ವದ ಬೆಟ್ಟಗಳ ಮೇಲೆ ಹುಣ್ಣಿಮೆಯ ಚಂದ್ರನು ಎದ್ದನು. ಚಂದ್ರನಲ್ಲಿ ಮೊಲವನ್ನು ಕಾಣುವುದು ನಮ್ಮಲ್ಲಿ ಎಷ್ಟು ಹಳೆಯದೆಂಬುದಕ್ಕೆ ಶಶಿ, ಶಶಾಂಕ, ಶಶಧರ ಎಂಬ ಹೆಸರುಗಳೇ ಸಾಕ್ಷಿ. ಸಾಗರಗಳ ಆಚೆ ಮೆಕ್ಸಿಕೋದ ಪ್ರಾಚೀನರೂ ಅಲ್ಲಿ ಮೊಲವನ್ನೇ ಕಂಡರು. ಮಿಂಬ್ರೆಸ್ ಬೋಗುಣಿಗಳಲ್ಲಿಯೂ ಚಂದ್ರಕಲೆಯಂತೆ ಬಾಗಿದ ಮೊಲಗಳುಂಟು. ಅವುಗಳಲ್ಲಿ ಒಂದರ ಕಥೆಯನ್ನು ಮೊಮ್ಮಗನಿಗೆ ಹೇಳಿದೆನು. ೧೦೫೪ನೆಯ ಜುಲೈಯಲ್ಲಿ, ಇತ್ತ ಆಹವಮಲ್ಲ ಸೋಮೇಶ್ವರನು ರಾಜ್ಯವಾಳುತ್ತಿದ್ದಾಗ, ವೃಷಭರಾಶಿಯಲ್ಲಿ ಒಂದು ನಕ್ಷತ್ರವು ಸಿಡಿದು ಹಗಲಿನಲ್ಲಿಯೂ ಕಾಣುವಷ್ಟು ಬೆಳಗಿತು. ಇಪ್ಪತ್ತಮೂರು ದಿನ ಹಗಲಿನಲ್ಲಿ ಕಂಡಿತೆಂದು ಚೀನದವರು ಬರೆದಿಟ್ಟರು. ಆ ಬೋಗುಣಿಯಲ್ಲಿ ಬಾಗಿದ ಮೊಲದ ಕಾಲ ಬಳಿ ಒಂದು ತಾರೆಯಿದೆ. ಅದಕ್ಕೆ ಇಪ್ಪತ್ತಮೂರು ಕಿರಣಗಳು. ಇದು ಆ ನಕ್ಷತ್ರವೇ ಎಂದು ಟೆಕ್ಸಸ್ಸಿನ ಖಗೋಲಜ್ಞರು ವಾದಿಸಿದ್ದಾರೆ. ಎಲ್ಲರೂ ಒಪ್ಪಿಲ್ಲ, ಕಿರಣಗಳನ್ನು ಎಣಿಸಿ ದಿನಗಳಿಗೆ ಹೊಂದಿಸುವುದರಲ್ಲಿ ನನಗೂ ಪೂರ್ಣ ನಂಬಿಕೆಯಿಲ್ಲ. ಆದರೆ ಆ ಬೇಸಗೆಯಲ್ಲಿ ಈ ದಂಡೆಯಲ್ಲಿ ನಿಂತವರು ತಲೆಯೆತ್ತಿ ಅದನ್ನು ನೋಡಿರಲೇಬೇಕಲ್ಲವೆ?

ಹುಡುಗನು ಬಹಳ ಹೊತ್ತು ಚಂದ್ರನನ್ನು ನೋಡಿ, “ಕಾಲು ಸಿಕ್ಕಿತು, ತಾತ. ಅದರ ಹತ್ತಿರ ಈಗ ಏನೂ ಇಲ್ಲ” ಎಂದನು. ಆಮೇಲೆ, “ಆ ಬೋಗುಣಿ ಎಲ್ಲಿದೆ?” ಎಂದು ಕೇಳಿದನು.

“ಮಿನ್ನೆಸೋಟದಲ್ಲಿ, ಸಾವಿರ ಮೈಲಿಗೂ ಆಚೆ.”

“ಅದನ್ನು ತೆಗೆದ ಜಾಗ ಗೊತ್ತಿದೆಯೋ?”

“ಈ ಹೊಳೆಯ ದಂಡೆಯಲ್ಲಿಯೇ ತೆಗೆದದ್ದಂತೆ.”

ಅವನು ಸ್ವಲ್ಪ ಯೋಚಿಸಿ, “ಹಾಗಾದರೆ ನಮ್ಮಷ್ಟು ಹುಡುಕಬೇಕಾಗಿಲ್ಲ” ಎಂದನು. ಅಷ್ಟರಲ್ಲಿ ಅವನ ಅಜ್ಜಿಯು ಕೈತೊಳೆದುಕೊಳ್ಳಲು ಕರೆದಳು. ಇಬ್ಬರೂ ಹೊಳೆಗೆ ಇಳಿದೆವು. ನೀರು ಬಹಳ ತಣ್ಣಗಿತ್ತು.